ಜ್ವರ ಬಂದು ಮಾತು ಅದಲುಬದಲಾದಾಗ: ಮೆದುಳಿನ ಉರಿಯೂತದ 23 ದಿನ

ಅಣ್ಣನನ್ನು ಮನೆಗೆ ಕರೆತಂದು ಎಂಟು ವಾರವಾಯಿತು. ವೈರಸ್‌ನಿಂದ ಮೆದುಳಿಗೆ ಉರಿಯೂತ ಬಂದಿತ್ತು. ಹರ್ಪಿಸ್ ಸಿಂಪ್ಲೆಕ್ಸ್ ಎನ್‌ಸೆಫಲೈಟಿಸ್ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿದ್ದಾರೆ. ಅವನಿಗೆ ವಯಸ್ಸು 52, ತೂಕ 60 ಕೆಜಿ, ಬಿಪಿ ಶುಗರ್ ಯಾವುದೂ ಇರಲಿಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನ ನಡೆದದ್ದನ್ನೆಲ್ಲ ಸಮಯ ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಈಗ ಅದನ್ನು ತೆಗೆದರೆ ಕಣ್ಣಿಗೆ ಬೀಳುವುದು ಒಂದೇ ಲೆಕ್ಕ: ಮಾತು ಕೆಟ್ಟಿದ್ದು ಭಾನುವಾರ ಸಂಜೆ 6ಕ್ಕೆ, ಸರಿಯಾದ ಔಷಧಿಯ ಮೊದಲ ಡೋಸ್ ಮೈಗೆ ಹೋದದ್ದು ಸೋಮವಾರ ರಾತ್ರಿ 11.40ಕ್ಕೆ. ಹತ್ತಿರ ಹತ್ತಿರ 30 ಗಂಟೆ. ಆ ಗಂಟೆಗಳನ್ನು ಯಾವ್ಯಾವುದು ತಿಂದಿತು ಅನ್ನುವುದು ಗೊತ್ತಾದರೆ ಇನ್ನೊಂದು ಮನೆಯವರು ಅಷ್ಟು ಕಳೆದುಕೊಳ್ಳಲಿಕ್ಕಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

ಶುಕ್ರವಾರ ಜ್ವರ, ತಲೆನೋವು. ಶನಿವಾರ ಎರಡು ಮೂರು ಸಲ "ರಬ್ಬರ್ ಸುಟ್ಟ ವಾಸನೆ ಬರ್ತಾ ಇದೆ, ಮೋಟಾರ್ ನೋಡಿ" ಅಂದ. ಮೋಟಾರ್ ಸರಿಯಾಗೇ ಇತ್ತು. ಇಲ್ಲದ ವಾಸನೆ ಬರುವುದೂ ಮೆದುಳಿನ ಕಿವಿಪಕ್ಕದ ಭಾಗ, ಅಂದರೆ ಟೆಂಪೊರಲ್ ಲೋಬ್, ಕೆರಳಿದ್ದರ ಗುರುತಾಗಿರಬಹುದು. ಹರ್ಪಿಸ್ ವೈರಸ್ ಹೆಚ್ಚಾಗಿ ಹೋಗಿ ಕೂರುವುದೇ ಆ ಜಾಗದಲ್ಲಿ. ಭಾನುವಾರ ಸಂಜೆ ಅತ್ತಿಗೆ ನೀರಿನ ಲೋಟ ಹಿಡಿದು ನಿಂತಿದ್ದಾರೆ, ಅಣ್ಣ ಕೈ ಚಾಚಿ "ಆ ಬೀಗ ಕೊಡು, ಬಾಯಾರಿದೆ" ಅಂದ. "ಯಾವ ಬೀಗ ರೀ?" ಅಂದರೆ ಲೋಟವನ್ನೇ ತೋರಿಸಿ ಮತ್ತೆ "ಬೀಗ" ಅಂದ. ಸಿಟ್ಟೂ ಬಂತು, ನಮಗೇ ಅರ್ಥವಾಗುತ್ತಿಲ್ಲ ಅಂತ.

ಜ್ವರ ನೆತ್ತಿಗೇರಿದೆ, ಸನ್ನಿ ಹಿಡಿದಿದೆ ಅಂದುಕೊಂಡೆವು. ಮೊದಲ 14 ಗಂಟೆ ಹೋದದ್ದು ಈ ಮಾತಿನಲ್ಲೇ. ಊರಿನ ಕ್ಲಿನಿಕ್‌ನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಿತು, ಎಲ್ಲರೂ ಮಲಗಿದೆವು. ಜ್ವರ ಇಳಿದ ಮೇಲೂ ಮಾತು ಸರಿಯಾಗಿರಲಿಲ್ಲ, ಅದನ್ನು ನೋಡಬೇಕಿತ್ತು. ಜ್ವರದ ತಾಪಕ್ಕೆ ಬಡಬಡಿಸುವವರು ತಾಪ ಇಳಿದರೆ ಸರಿಹೋಗುತ್ತಾರೆ. ಜ್ವರ 99ಕ್ಕೆ ಬಂದ ಮೇಲೂ ಹೆಂಡತಿಯ ಹೆಸರು ಹೇಳಲು ತಡವರಿಸುತ್ತಿದ್ದರೆ, ಎಡ ಬಲ ತಿಳಿಯದಿದ್ದರೆ, ಚಪ್ಪಲಿಗೆ ನೀರು ಸುರಿದರೆ ಆಗ ಕಾಯಬಾರದು. ಆ ರಾತ್ರಿಯೇ ಎಂಆರ್‌ಐ ಇರುವ ಆಸ್ಪತ್ರೆಗೆ ಹೊರಡಬೇಕು.

ಸೋಮವಾರ ಬೆಳಿಗ್ಗೆ ಮನೆಗೆ ಬಂದ ನೆಂಟರಲ್ಲಿ ಒಬ್ಬರು ಗಾಳಿ ಸೋಕಿದೆ ಅಂದರು, ಇನ್ನೊಬ್ಬರು ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅಂದರು. ಎರಡನೆಯ ಸಲಹೆ ಕೊಡುವವರು ಎಲ್ಲ ಊರಲ್ಲೂ ಇರುತ್ತಾರೆ, ಯಾಕೆಂದರೆ ಈ ಕಾಯಿಲೆಯಲ್ಲಿ ಹಲವರಿಗೆ ಮೊದಲು ವರ್ತನೆ ಬದಲಾಗುತ್ತದೆ. ಹಿಂದೆಂದೂ ಮಾನಸಿಕ ತೊಂದರೆ ಇಲ್ಲದ 50 ದಾಟಿದ ಮನುಷ್ಯ ಜ್ವರದ ಜೊತೆ ಎರಡು ದಿನದಲ್ಲಿ ಬದಲಾದರೆ ಮೊದಲು ಮೆದುಳನ್ನು ನೋಡಿಸಬೇಕು. ನಾವು ಹೀಗೆ ಮಾತಾಡುತ್ತ ಕುಳಿತಿದ್ದಾಗಲೇ, 11.15ಕ್ಕೆ, ಬಲಗೈ ಬಲಕೆನ್ನೆ ಅದುರಲು ಶುರುವಾಗಿ ಮೈಯೆಲ್ಲ ಫಿಟ್ಸ್ ಬಂತು. 108ಕ್ಕೆ ಫೋನ್ ಮಾಡಿದೆವು. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ಅದುರು ಮೊದಲು ಯಾವ ಕಡೆ ಶುರುವಾಯಿತು, ಎಷ್ಟು ನಿಮಿಷ ಇತ್ತು ಅನ್ನುವುದನ್ನು ಮಾತ್ರ ಗಮನಿಸಿ. ವೈದ್ಯರು ಮೊದಲು ಕೇಳಿದ್ದೇ ಅದನ್ನು.

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ 1.30ಕ್ಕೆ ಸಿಟಿ ಸ್ಕ್ಯಾನ್ ಆಯಿತು. "ನಾರ್ಮಲ್" ಅಂದರು. ಎಲ್ಲರ ಮುಖ ಅರಳಿತು, ಮನೆಗೂ ಫೋನ್ ಹೋಯಿತು. ಆಮೇಲೆ ಗೊತ್ತಾಯಿತು, ಈ ಕಾಯಿಲೆಯಲ್ಲಿ ಮೊದಲ ದಿನಗಳ ಸಿಟಿ ಬಹಳ ಸಲ ನಾರ್ಮಲ್ಲೇ ಇರುತ್ತದೆ. ರಕ್ತಸ್ರಾವವಿದೆಯೇ, ಗಡ್ಡೆಯಿದೆಯೇ, ಬೆನ್ನಿನ ನೀರು (ಮೆದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ತೆಗೆದರೆ ಅಪಾಯವಿದೆಯೇ ಅನ್ನುವುದನ್ನು ನೋಡಲಿಕ್ಕೆ ಸಿಟಿ. ಉರಿಯೂತ ಕಾಣುವುದು ಎಂಆರ್‌ಐಯಲ್ಲಿ. "ಸಿಟಿ ಸರಿಯಿದೆ, ಎರಡು ದಿನ ನೋಡೋಣ" ಅನ್ನುವ ಮಾತು ಬಂದರೆ ಒಪ್ಪಬೇಡಿ. ನರರೋಗ ತಜ್ಞರಿಗೆ ತೋರಿಸಲೇಬೇಕು ಅಂತ ಕೇಳಿ.

ಸಂಜೆ 4ಕ್ಕೆ ನರರೋಗ ತಜ್ಞರು ಬಂದು ಅತ್ತಿಗೆಯನ್ನು ಕೂರಿಸಿಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಿದರು. ನಮಗೆ ಆಗ ಸಂಬಂಧವೇ ಇಲ್ಲದ ಪ್ರಶ್ನೆಗಳು ಅನಿಸಿದ್ದವು; ಒಂದೊಂದರ ಹಿಂದೆಯೂ ಒಂದೊಂದು ವೈರಸ್ ಇತ್ತು. ಆರು ತಿಂಗಳಲ್ಲಿ, ವರ್ಷದಲ್ಲಿ ನಾಯಿ ಬೆಕ್ಕು ಕಚ್ಚಿತ್ತೇ? ಅದು ರೇಬೀಸ್‌ಗಾಗಿ. ಲಕ್ಷಣ ಶುರುವಾದ ಮೇಲೆ ಅದಕ್ಕೆ ಮದ್ದಿಲ್ಲ, ಕೆಲವರಲ್ಲಿ ನೀರಿನ ಭಯವಿಲ್ಲದೆ ಬರೀ ಪಾರ್ಶ್ವವಾಯುವಿನ ಹಾಗೆಯೂ ಬರುತ್ತದೆ. ಮನೆಯ ಹತ್ತಿರ ಗದ್ದೆ, ಹಂದಿ ಇವೆಯೇ? ಅದು ಜಪಾನೀಸ್ ಎನ್‌ಸೆಫಲೈಟಿಸ್‌ಗಾಗಿ, ನಮ್ಮ ಕಡೆ ಮೆದುಳು ಜ್ವರ ಅಂದರೆ ಜನಕ್ಕೆ ನೆನಪಾಗುವುದೇ ಇದು. ಹಂದಿ, ಕೊಕ್ಕರೆಗಳಲ್ಲಿ ವೈರಸ್ ಬೆಳೆಯುತ್ತದೆ, ಗದ್ದೆಯ ನಿಂತ ನೀರಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ ತರುತ್ತದೆ. ಭಾರತದಲ್ಲಿ ಮನುಷ್ಯರಲ್ಲಿ ಇದು ಮೊದಲು ಕಂಡದ್ದು 1955ರಲ್ಲಿ ವೆಲ್ಲೂರಿನ ಕಡೆ. ನಮ್ಮದು ಭದ್ರಾ ನಾಲೆಯ ಗದ್ದೆ ಸೀಮೆ, ಹಾಗಾಗಿ ಆ ಅನುಮಾನ ಬಲವಾಗೇ ಇತ್ತು. ಮಲೆನಾಡಿನ ಕಾಡಿಗೆ ಹೋಗಿದ್ದರೇ, ಉಣುಗು ಕಚ್ಚಿತ್ತೇ, ಸತ್ತ ಮಂಗ ನೋಡಿದ್ದಿರಾ? ಅದು ಮಂಗನ ಕಾಯಿಲೆಗಾಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಅದರಲ್ಲಿ ಕೆಲವರಿಗೆ ಜ್ವರ ಬಿಟ್ಟು ವಾರ ಎರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ ಬಂದಾಗ ಮೆದುಳಿಗೆ ತಾಗುತ್ತದೆ. ಮೈಮೇಲೆ ಸರ್ಪಸುತ್ತು ಎದ್ದಿತ್ತೇ? ಸೀತಾಳೆ ಸಿಡುಬಿನ ವೈರಸ್ಸೇ ದೊಡ್ಡವರಲ್ಲಿ ಸರ್ಪಸುತ್ತಾಗಿ ಎದ್ದು ಮೆದುಳಿಗೂ ಹೋಗಬಲ್ಲದು. ಕೇರಳಕ್ಕೆ ಹೋಗಿದ್ದರೇ, ಬಾವಲಿ ಕಚ್ಚಿದ ಹಣ್ಣು ತಿಂದಿದ್ದರೇ? ಅದು ನಿಪಾಗಾಗಿ, 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಅದು ಹರಡಿದ ನಂತರ ಈ ಪ್ರಶ್ನೆ ತಪ್ಪುವುದಿಲ್ಲ. ಊರಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಇದೆಯೇ ಅಂತಲೂ ಕೇಳಿದರು, ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಪಡೆದರು. ಆಮೇಲೆ ಬಟ್ಟೆ ಸರಿಸಿ ಕಂಕುಳು, ತೊಡೆಸಂದು ಎಲ್ಲ ನೋಡಿದರು. ಸ್ಕ್ರಬ್ ಟೈಫಸ್ ವೈರಸ್ ಅಲ್ಲ, ಆದರೆ ಇದೇ ವೇಷದಲ್ಲಿ ಬರುತ್ತದೆ. ಅದನ್ನು ತರುವ ಸಣ್ಣ ಹುಳ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಗಾಯ ಇದ್ದರೆ ಅದೇ ಗುರುತು, ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ.

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡಬಲ್ಲವರು ರೋಗಿಯ ಜೊತೆ ಇರಲೇಬೇಕು. ನಮ್ಮಲ್ಲಿ ಹೊರಡುವಾಗ ಅತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಗಂಡಸರು ಮೂವರು ಆಂಬುಲೆನ್ಸ್ ಹತ್ತಿದ್ದರು. ಅತ್ತಿಗೆ ಬಂದು ಮುಟ್ಟುವ ತನಕ ರಬ್ಬರ್ ವಾಸನೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಮುಂದಿನದು ಬೆನ್ನಿನ ನೀರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಎರಡು ಗಂಟೆ ತಡಮಾಡಿದೆವು. ಬೆನ್ನುಹುರಿಗೆ ಸೂಜಿ ಚುಚ್ಚಿದರೆ ಕಾಲು ಸ್ವಾಧೀನ ತಪ್ಪುತ್ತದೆ ಅಂತ ದೊಡ್ಡಪ್ಪ ಹಟ ಹಿಡಿದರು. ವೈದ್ಯರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ ಮೇಲೆ ಸಮಾಧಾನವಾಯಿತು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದನೇ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕು ಅಥವಾ ನಾಲ್ಕು-ಐದನೇ ಮೂಳೆಯ ಸಂದಿಗೆ. ತೆಗೆಯುವುದು ಕೆಲವು ಮಿಲಿ. ದೇಹ ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ತಯಾರಿಸುತ್ತದೆ. ಒಂದೆರಡು ದಿನ ತಲೆನೋವು ಬರಬಹುದು.

ನೀರು ತೆಗೆಯುವಾಗ ಎರಡು ವಿಷಯ ಗಮನಿಸಿ. ಅದೇ ಹೊತ್ತಿಗೆ ಬೆರಳಿನ ಶುಗರ್ ನೋಡಿದರೇ ಅಂತ ಕೇಳಿ. ಬೆನ್ನಿನ ನೀರಿನ ಸಕ್ಕರೆಯನ್ನು ರಕ್ತದ ಸಕ್ಕರೆಯ ಜೊತೆ ಹೋಲಿಸಿದರೆ ಮಾತ್ರ ಅರ್ಥ. ಎರಡನೆಯದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ (ಕಲ್ಚರ್) ಟ್ಯೂಬ್ ಫ್ರಿಜ್‌ಗೆ ಹೋಗಬಾರದು, ವೈರಸ್‌ನ ವಂಶವಾಹಿ ಹುಡುಕುವ ಪಿಸಿಆರ್ ಪರೀಕ್ಷೆಗೆ ಹೋಗುವ ಟ್ಯೂಬ್ ತಣ್ಣಗೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಒಂದು ಕೆಡುತ್ತದೆ. ನಮ್ಮಲ್ಲಿ ಪಿಸಿಆರ್ ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕಿತ್ತು. ಥರ್ಮೊಕೋಲ್ ಡಬ್ಬಿ, ನಾಲ್ಕು ಐಸ್ ಪ್ಯಾಕ್, ಟ್ಯೂಬಿನ ಮೇಲೆ ಹೆಸರು, ವಯಸ್ಸು, ಐಪಿ ನಂಬರ್, ತೆಗೆದ ದಿನ ಮತ್ತು ಗಂಟೆ. ಜೊತೆಯ ಫಾರ್ಮಿನಲ್ಲಿ ಜ್ವರ ಶುರುವಾದ ದಿನ ಬರೆದಿರಲೇಬೇಕು.

ರಾತ್ರಿ 8.30ಕ್ಕೆ ಮೊದಲ ವರದಿ ಬಂತು. ಜೀವಕೋಶ 85, ಬಹುಪಾಲು ಲಿಂಫೊಸೈಟ್ ಅನ್ನುವ ಬಿಳಿ ಕಣ, ಐದರೊಳಗೆ ಇರಬೇಕಾದದ್ದು. ಪ್ರೊಟೀನ್ 92, 45 ದಾಟಬಾರದು. ಸಕ್ಕರೆ 70, ರಕ್ತದಲ್ಲಿ 112, ಅಂದರೆ ಸರಿಯಾಗಿದೆ. ಸ್ವಲ್ಪ ಕೆಂಪು ಕಣವೂ ಇದ್ದವು. ಕೀವು ಜ್ವರವಾಗಿದ್ದರೆ, ಅಂದರೆ ಬ್ಯಾಕ್ಟೀರಿಯಾದಿಂದ ಮೆದುಳಿನ ಪೊರೆಗೆ ಉರಿಯೂತ ಬಂದಿದ್ದರೆ, ಸಕ್ಕರೆ ಇಳಿದಿರುತ್ತಿತ್ತು. ಇದು ವೈರಸ್‌ನ ಚಿತ್ರ.

ಎಂಆರ್‌ಐ ಹೊರಗಿನ ಸೆಂಟರ್‌ನಲ್ಲಿ ಮಾಡಿಸಬೇಕಿತ್ತು. ಅಲ್ಲಿ ಇನ್ನೊಂದು ಗಂಟೆ ಹೋಯಿತು, ಅದೂ ಉಡಿದಾರಕ್ಕಾಗಿ. ಬೆಳ್ಳಿಯ ಉಡಿದಾರ, ತೋಳಿನ ತಾಯಿತ, ಬೆರಳಿನ ಬಿಗಿಯಾದ ಉಂಗುರ, ಎಲ್ಲ ತೆಗೆಯದೆ ಒಳಗೆ ಬಿಡುವುದಿಲ್ಲ. ಬಡಿದಾಡುವ ರೋಗಿಯ ಬೆರಳಿಂದ ಉಂಗುರ ತೆಗೆಯುವುದು ಸುಲಭವಲ್ಲ. ವಾರ್ಡ್‌ನಲ್ಲೇ ಸೋಪು ಹಚ್ಚಿ ತೆಗೆದುಬಿಡಿ. ಅಲುಗಾಡಿದರೆ ಚಿತ್ರ ಬರುವುದಿಲ್ಲ, ಮಂಪರು ಕೊಡಲು ವೈದ್ಯರು ಜೊತೆಗೆ ಬರುತ್ತಾರೆಯೇ ಅಂತ ಹೊರಡುವ ಮುಂಚೆ ಖಚಿತ ಮಾಡಿಕೊಳ್ಳಿ. ಫಿಲ್ಮ್ ಸಾಲದು, ಸಿಡಿಯನ್ನೂ ಕೇಳಿ ಪಡೆಯಿರಿ. ಚಿತ್ರದಲ್ಲಿ ಎಡಗಡೆಯ ಟೆಂಪೊರಲ್ ಲೋಬ್ ಬೆಳ್ಳಗೆ ಊದಿತ್ತು. ಜಪಾನೀಸ್ ಎನ್‌ಸೆಫಲೈಟಿಸ್ ಆಗಿದ್ದರೆ ಒಳಗಿನ ಥಲಾಮಸ್ ಎರಡೂ ಬದಿ ಹಾಗೆ ಕಾಣುವುದು ಹೆಚ್ಚು ಅಂತ ವೈದ್ಯರು ವಿವರಿಸಿದರು.

ಹರ್ಪಿಸ್ ವೈರಸ್‌ಗೆ ಕೊಡುವ ಔಷಧಿ ಅಸೈಕ್ಲೋವಿರ್ ಬರೆದದ್ದು ಆಗ. ಪಿಸಿಆರ್ ವರದಿಗೆ ಕಾಯಲಿಲ್ಲ, ಕಾಯಲೂಬಾರದು. ಬ್ರಿಟನ್ನಿನ ವೈದ್ಯರ ಮಾರ್ಗಸೂಚಿ ಹೇಳುವುದು, ಪರೀಕ್ಷೆಗಳು ತಡವಾದರೆ ಆಸ್ಪತ್ರೆ ಸೇರಿದ 6 ಗಂಟೆಯೊಳಗೆ ಈ ಔಷಧಿ ಶುರುವಾಗಬೇಕು ಅಂತ. ಔಷಧಿ ಕೊಡದಿದ್ದರೆ ಈ ಕಾಯಿಲೆಯಲ್ಲಿ 100ಕ್ಕೆ ಸುಮಾರು 70 ಜನ ಉಳಿಯುವುದಿಲ್ಲ. ನಾವು ನಾಲ್ಕು ಅಂಗಡಿ ಸುತ್ತಿದೆವು, ಮೂರರಲ್ಲಿ ಮಾತ್ರೆ ಇತ್ತು, ಇಂಜೆಕ್ಷನ್ ಇರಲಿಲ್ಲ. ಮೆದುಳಿನ ಉರಿಯೂತದ ಅನುಮಾನ ಬಂದ ಕೂಡಲೇ ಒಬ್ಬರು ಇಂಜೆಕ್ಷನ್ ಎಲ್ಲಿ ಸಿಗುತ್ತದೆ ಅಂತ ಫೋನ್ ಮಾಡಿ ವಿಚಾರಿಸಿ ಇಟ್ಟುಕೊಳ್ಳಿ. ಮೊದಲ ದಿನಗಳಲ್ಲಿ ಜೊತೆಗೆ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ 2 ಗ್ರಾಂ 12 ಗಂಟೆಗೊಮ್ಮೆ ಹೋಗುತ್ತಿತ್ತು, ಕೀವು ಜ್ವರ ಅಲ್ಲ ಅಂತ ಕಲ್ಚರ್ ವರದಿ ಬರುವ ತನಕ.

ಡೋಸ್ ಲೆಕ್ಕ ಹೀಗೆ: ತೂಕದ ಪ್ರತಿ ಕೆಜಿಗೆ 10 ಮಿಗ್ರಾಂ, 8 ಗಂಟೆಗೊಮ್ಮೆ. 60 ಕೆಜಿಗೆ 600 ಮಿಗ್ರಾಂ. ವಯಲ್‌ಗಳು 250 ಮತ್ತು 500ರವು. 600ನ್ನು 100 ಮಿಲಿ ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆ ಹಿಡಿಸಿ ನಿಧಾನವಾಗಿ ಬಿಡಬೇಕು. ಬೆರೆಸಿದ ಬಾಟಲಿಯನ್ನು ಫ್ರಿಜ್‌ನಲ್ಲಿಡಬಾರದು, ಹರಳುಗಟ್ಟುತ್ತದೆ. 21 ದಿನಕ್ಕೆ 63 ಡೋಸ್. ವಯಲ್‌ನ ಬೆಲೆ ಕಂಪನಿಯಿಂದ ಕಂಪನಿಗೆ ಬಹಳ ವ್ಯತ್ಯಾಸ, ಔಷಧಿ ಅದೇ. ಒಂದೇ ಸಲ ಎಲ್ಲ ಕೊಳ್ಳದೆ ಐದು ದಿನದ್ದು ಕೊಂಡು ಬೆಲೆ ವಿಚಾರಿಸಿ.

ಬುಧವಾರ ಸಂಜೆ ಪಿಸಿಆರ್ ವರದಿ: ನೆಗೆಟಿವ್. ಮನೆಯವರೆಲ್ಲ ಬೇರೆ ಕಾಯಿಲೆ ಇರಬೇಕು, ಔಷಧಿ ನಿಲ್ಲಿಸಿ ಬೆಂಗಳೂರಿಗೆ ಹೋಗೋಣ ಅಂತ ಎದ್ದುನಿಂತರು. ವೈದ್ಯರು ನಿಲ್ಲಿಸಲಿಲ್ಲ. ಮೊದಲ ಮೂರು ದಿನದೊಳಗೆ ತೆಗೆದ ನೀರಿನಲ್ಲಿ ವೈರಸ್ ಸಿಗದೆ ಹೋಗಬಹುದು. ಎಂಆರ್‌ಐ ಇಷ್ಟು ಸ್ಪಷ್ಟವಾಗಿರುವಾಗ ಒಂದು ನೆಗೆಟಿವ್ ಸಾಲದು, 3ರಿಂದ 7 ದಿನ ಬಿಟ್ಟು ಮತ್ತೆ ನೋಡಬೇಕು ಅಂದರು. ಶನಿವಾರ ಮತ್ತೆ ನೀರು ತೆಗೆದರು, ಅದರಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಒಂದನೇ ಬಗೆ ಪಾಸಿಟಿವ್ ಬಂತು. ಜಪಾನೀಸ್ ಎನ್‌ಸೆಫಲೈಟಿಸ್‌ನ ಐಜಿಎಂ ಆಂಟಿಬಾಡಿ ಪರೀಕ್ಷೆ ಎರಡು ಸಲವೂ ನೆಗೆಟಿವ್. ಆ ಕಾಯಿಲೆಗೆ ವೈರಸ್ ಕೊಲ್ಲುವ ಮದ್ದೇ ಇಲ್ಲ, ಆಸರೆಯ ಚಿಕಿತ್ಸೆ ಮಾತ್ರ. ಹಾಗಾಗಿ ಮದ್ದಿರುವ ಕಾಯಿಲೆಯೇ ಬಂದದ್ದು ಅಂತ ಅತ್ತಿಗೆ ಮೊದಲ ಸಲ ಊಟ ಮಾಡಿದರು.

ಅದೇ ಶನಿವಾರ ಇನ್ನೊಂದು ಪೆಟ್ಟು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 0.9 ಇದ್ದದ್ದು 2.1 ಆಗಿತ್ತು. ಅಸೈಕ್ಲೋವಿರ್ ಬೇಗ ಬೇಗ ಹೋದರೆ, ಮೈಯಲ್ಲಿ ನೀರು ಕಡಿಮೆಯಿದ್ದರೆ, ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳಾಗಿ ಕೂರುತ್ತದೆ. ನೋಟ್‌ಬುಕ್ ತೆಗೆದು ನೋಡಿದೆ: ರಾತ್ರಿ ಪಾಳಿಯ ಮೂರು ಡೋಸ್ ತಲಾ 20 ನಿಮಿಷದಲ್ಲಿ ಮುಗಿದಿದ್ದವು. ಮೂತ್ರದ ಚೀಲ ಖಾಲಿ ಮಾಡುವಾಗ ಅಳತೆ ಬರೆದಿರಲಿಲ್ಲ. ಊರಲ್ಲಿ ಕೊಟ್ಟ ಡೈಕ್ಲೋಫೆನಾಕ್, ವಾರ್ಡ್‌ನಲ್ಲಿ ಜ್ವರಕ್ಕೆ ಮತ್ತೆರಡು ಸಲ ಕೊಟ್ಟದ್ದು, ಅವೂ ಕಿಡ್ನಿಗೆ ಭಾರ. ಡೋಸನ್ನು ಮೂರು ದಿನ 12 ಗಂಟೆಗೊಮ್ಮೆ ಮಾಡಿದರು, ಸಲೈನ್ ಹೆಚ್ಚಿಸಿದರು, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಅಂತ ಚೀಟಿಯ ಮೇಲೆ ಕೆಂಪಕ್ಷರದಲ್ಲಿ ಬರೆದರು. ಮಂಗಳವಾರಕ್ಕೆ 1.2ಕ್ಕೆ ಇಳಿಯಿತು, ಮತ್ತೆ 8 ಗಂಟೆಗೊಮ್ಮೆ ಶುರುವಾಯಿತು.

ರೋಗಿಯ ಕಡೆಯವರು ಕೈಯಾರೆ ಮಾಡಬಹುದಾದ ಕೆಲಸ ಇದೇ, ಹಾಸಿಗೆ ಪಕ್ಕ ಕುಳಿತು ಅಳುವುದಕ್ಕಿಂತ ಉಪಯೋಗದ್ದು. ಡ್ರಿಪ್ ಶುರುವಾದ ಗಂಟೆ, ಮುಗಿದ ಗಂಟೆ ಬರೆಯಿರಿ. ಇನ್‌ಫ್ಯೂಷನ್ ಪಂಪ್ ಇದ್ದರೆ ಹಾಕಿಸಿ ಅಂತ ಕೇಳಿ. ಮೂತ್ರ 60 ಕೆಜಿ ಮನುಷ್ಯನಿಗೆ ಗಂಟೆಗೆ 30 ಮಿಲಿಗಿಂತ ಕಡಿಮೆಯಾದರೆ ಆಗಲೇ ಸಿಸ್ಟರ್‌ಗೆ ಹೇಳಿ. ಕ್ರಿಯಾಟಿನಿನ್ ಇವತ್ತು ನೋಡಿದ್ದಾರೆಯೇ ಅಂತ ದಿನವೂ ಬೆಳಿಗ್ಗೆ ಕೇಳಿ. ಹಾಗಂತ ನೀವಾಗಿ ನೀರು ಕುಡಿಸಲು ಹೋಗಬೇಡಿ. ಪ್ರಜ್ಞೆ ಪೂರ್ತಿಯಿಲ್ಲದವರಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಔಷಧಿ ತುಂಬ ಕ್ಷಾರ, ಕ್ಯಾನುಲಾದಿಂದ ಹೊರಗೆ ಸೋರಿದರೆ ಚರ್ಮ ಬೇಯುತ್ತದೆ. ಅಣ್ಣನ ಎರಡೂ ಮುಂಗೈ ಹತ್ತು ದಿನದಲ್ಲಿ ಹಗ್ಗದ ಹಾಗೆ ಗಟ್ಟಿಯಾದವು. ಕೊನೆಗೆ ತೋಳಿನಿಂದ ದೊಡ್ಡ ರಕ್ತನಾಳದ ತನಕ ಹೋಗುವ ಉದ್ದದ ನಳಿಕೆ, ಪಿಕ್ ಲೈನ್, ಹಾಕಿದರು. ಮೂರು ವಾರದ ಚಿಕಿತ್ಸೆ ಅಂತ ಗೊತ್ತಾದ ದಿನವೇ ಅದನ್ನು ಕೇಳಬೇಕಿತ್ತು.

ಎರಡನೇ ವಾರ ಅಣ್ಣ ಎದ್ದು ಕುಳಿತ, ಲೋಟಕ್ಕೆ ಲೋಟ ಅಂದ. 14ನೇ ದಿನಕ್ಕೆ, ಖರ್ಚು ಏರುತ್ತಿತ್ತು, ಮಾತ್ರೆ ಬರೆಸಿಕೊಂಡು ಹೋಗೋಣ ಅಂತ ಮನೆಯಲ್ಲಿ ಮಾತಾಯಿತು. ಅಸೈಕ್ಲೋವಿರ್ ಮಾತ್ರೆ ನುಂಗಿದರೆ ರಕ್ತಕ್ಕೆ ಸೇರುವುದು 100ಕ್ಕೆ 15ರಿಂದ 20 ಭಾಗ ಮಾತ್ರ, ಮೆದುಳಿಗೆ ಅದು ಏನೇನೂ ಸಾಲದು. ಅರ್ಧಕ್ಕೆ ಬಿಟ್ಟರೆ ವೈರಸ್ ಮತ್ತೆ ಏಳಬಹುದು. 21 ದಿನ ಮುಗಿಸಿ, ಕೊನೆಗೊಮ್ಮೆ ಬೆನ್ನಿನ ನೀರು ತೆಗೆದು ಪಿಸಿಆರ್ ನೆಗೆಟಿವ್ ಆದ ಮೇಲೆಯೇ 23ನೇ ದಿನ ಹೊರಟೆವು.

ಖರ್ಚಿನ ಬಗ್ಗೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇದೆ. ಆದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ, ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಸೇರಿದ ದಿನವೇ ಆರೋಗ್ಯಮಿತ್ರ ಕೌಂಟರ್‌ಗೆ ಹೋಗಿ ರೇಷನ್ ಕಾರ್ಡ್, ಆಧಾರ್ ತೋರಿಸಿ. ನಾವು ಹೋದದ್ದು ನಾಲ್ಕನೇ ದಿನ. ಅಷ್ಟರಲ್ಲಿ ಹೊರಗೆ ಕೊಟ್ಟ ಎಂಆರ್‌ಐ, ಪಿಸಿಆರ್, ಔಷಧಿಯ ಹಣ ಕೈಬಿಟ್ಟಿತು. ರೇಷನ್ ಕಾರ್ಡಿನಲ್ಲಿ ಅಣ್ಣನ ಹೆಸರಿನ ಕಾಗುಣಿತ ಆಧಾರ್‌ಗೆ ಹೊಂದದೆ ಇನ್ನೂ ಒಂದು ದಿನ ಹೋಯಿತು.

ಅಂಟುರೋಗವೇ ಅಂತ ಊರವರು ಕೇಳಿದರು, ತಟ್ಟೆ ಬೇರೆ ಇಡಿ ಅಂದರು. ಬೇಕಿಲ್ಲ. ಜ್ವರ ಬಂದಾಗ ತುಟಿಯಂಚಿಗೆ ಏಳುವ ಗುಳ್ಳೆಯ ವೈರಸ್ಸೇ ಇದು, ಬಹಳ ಜನ ದೊಡ್ಡವರ ಮೈಯಲ್ಲಿ ಚಿಕ್ಕಂದಿನಿಂದಲೇ ಮುಖದ ನರದ ಗಂಟಿನಲ್ಲಿ ಮಲಗಿರುತ್ತದೆ. ವರ್ಷಕ್ಕೆ 10 ಲಕ್ಷದಲ್ಲಿ ಎರಡು ನಾಲ್ಕು ಜನಕ್ಕೆ ಅದು ಮೆದುಳಿಗೆ ಹೋಗುತ್ತದೆ. ಅವರು ತಪ್ಪು ಮಾಡಿದ್ದರಿಂದ ಬಂದದ್ದಲ್ಲ, ಅವರಿಂದ ಮನೆಯವರಿಗೆ ಈ ಮೆದುಳಿನ ಕಾಯಿಲೆ ದಾಟುವುದೂ ಇಲ್ಲ.

ಮನೆಗೆ ಬಂದ ಮೇಲೆ ಐದನೇ ವಾರಕ್ಕೆ ಅಣ್ಣನಿಗೆ ನಿದ್ದೆ ಬರುವುದು ನಿಂತಿತು, ವಿಪರೀತ ಸಿಟ್ಟು, ಅತ್ತಿಗೆಯ ಮೇಲೆ ಕೈ ಎತ್ತಿದ. ಜನ್ಮದಲ್ಲಿ ಹಾಗೆ ಮಾಡಿದವನಲ್ಲ. ಮತ್ತೆ ಬಂತೇ ಅಂತ ಎದೆ ಒಡೆಯಿತು. ಹೀಗಾದರೆ ಕಾಯದೆ ಕರೆದೊಯ್ಯಬೇಕು, ಯಾಕೆಂದರೆ ಹರ್ಪಿಸ್ ವಾಸಿಯಾದ ಕೆಲವು ವಾರಗಳಲ್ಲಿ ಕೆಲವರಿಗೆ ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿ ಬೀಳುತ್ತದೆ. ಮೆದುಳಿನ ಕೋಶಗಳ ಮೇಲಿರುವ ಎನ್‌ಎಂಡಿಎ ಗ್ರಾಹಕದ ವಿರುದ್ಧದ ಆಂಟಿಬಾಡಿ ಅಂತ ಅದಕ್ಕೆ ಪರೀಕ್ಷೆಯಿದೆ, ರಕ್ತ ಮತ್ತು ಬೆನ್ನಿನ ನೀರು ಎರಡರಲ್ಲೂ ನೋಡುತ್ತಾರೆ. ಚಿಕಿತ್ಸೆ ಬೇರೆ, ಸ್ಟೀರಾಯ್ಡ್ ಮತ್ತು ಇಮ್ಯುನೊಗ್ಲಾಬ್ಯುಲಿನ್. ಅಣ್ಣನಿಗೆ ಅದು ಇರಲಿಲ್ಲ. ಫಿಟ್ಸ್‌ಗೆ ಕೊಟ್ಟ ಲೆವೆಟಿರಾಸಿಟಮ್ ಕೆಲವರಲ್ಲಿ ಸಿಟ್ಟು ತರುತ್ತದೆ. ವೈದ್ಯರು ನಿಧಾನವಾಗಿ ಇನ್ನೊಂದು ಮಾತ್ರೆಗೆ ಬದಲಿಸಿದರು, ಹತ್ತು ದಿನದಲ್ಲಿ ಮೊದಲಿನ ಅಣ್ಣನಾದ. ನೀವಾಗಿ ಫಿಟ್ಸ್ ಮಾತ್ರೆ ನಿಲ್ಲಿಸಿದರೆ ಮತ್ತೆ ಫಿಟ್ಸ್ ಬರಬಹುದು. ಬೈಕ್, ಟ್ರ್ಯಾಕ್ಟರ್, ಬಾವಿಕಟ್ಟೆ, ಒಬ್ಬನೇ ನಾಲೆಗೆ ಇಳಿಯುವುದು, ಎಲ್ಲ ವೈದ್ಯರು ಹೇಳುವ ತನಕ ಬಂದ್.

ಉಳಿದಿರುವುದು ಮರೆವು. 30 ವರ್ಷದ ಹಿಂದಿನ ಗದ್ದೆಯ ಗಡಿ ತಕರಾರು ಪೂರ್ತಿ ಹೇಳುತ್ತಾನೆ, ಈಗ ಉಂಡದ್ದು ನೆನಪಿರುವುದಿಲ್ಲ. ವಾಸನೆಯೂ ಗೊತ್ತಾಗುತ್ತಿಲ್ಲ, ಅದಕ್ಕೇ ಅಡುಗೆಮನೆಯ ಗ್ಯಾಸ್ ರೆಗ್ಯುಲೇಟರ್ ಪ್ರತಿ ಸಲ ಬಂದ್ ಮಾಡುವುದನ್ನು ಅತ್ತಿಗೆ ರೂಢಿ ಮಾಡಿಕೊಂಡಿದ್ದಾರೆ. ಬಾಗಿಲ ಹಿಂದೆ ಕ್ಯಾಲೆಂಡರ್, ಮಾತ್ರೆಗೆ ಬೆಳಿಗ್ಗೆ ರಾತ್ರಿ ಬೇರೆ ಬೇರೆ ಬಣ್ಣದ ಡಬ್ಬಿ, ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಮತ್ತು ಪೆನ್ನು. ಏನೇ ಮಾಡಿದರೂ ಬರೆಯಬೇಕು ಅಂತ ಸ್ಪೀಚ್ ಥೆರಪಿಯವರು ಹೇಳಿದ್ದಾರೆ. ಮುಂದಿನ ಎಂಆರ್‌ಐ ಬರುವ ತಿಂಗಳು, ಹಳೆಯ ಸಿಡಿ ಜೊತೆಗಿಟ್ಟುಕೊಂಡು ಹೋಗಬೇಕು, ಅದನ್ನೂ ಬರೆಸಿದ್ದೇನೆ. ನಿನ್ನೆ ಮಧ್ಯಾಹ್ನ ಪುಸ್ತಕ ತೆಗೆದು ತೋರಿಸಿದ. ಅಕ್ಷರ ಸ್ವಲ್ಪ ಓರೆ: "1.20. ಊಟ ಆಯಿತು. ಮುದ್ದೆ. ಮತ್ತೆ ಕೇಳಬಾರದು."